ತೀರಿಸಬಾರದ ಋಣ

ನವರಾತ್ರಿಯಲ್ಲಿ ದೇವಿಯ ಆರಾಧನೆಗೆ ಎಂತಹ ಸ್ಥಾನವಿದೆಯೋ, ದುಡಿಮೆಯ ಸಾಧನಗಳ ಪೂಜೆಗೂ ಅಂತಹುದೇ ಸ್ಥಾನವಿದೆ. ಮಹಾನವಮಿಯಂದು ಒಕ್ಕಲಿಗನು ನೇಗಿಲಿಗೆ, ಬಡಗಿಯು ಉಳಿಗೆ, ಕಮ್ಮಾರನು ಸುತ್ತಿಗೆಗೆ, ವಿದ್ಯಾರ್ಥಿಯು ಪುಸ್ತಕಕ್ಕೆ ಕೈಮುಗಿಯುತ್ತಾನೆ. ವರ್ಷವಿಡೀ ದುಡಿದ ಜಡವಸ್ತುವಿಗೆ ಒಂದು ದಿನದ ವಿಶ್ರಾಂತಿ, ಒಂದು ಬೊಟ್ಟು ಕುಂಕುಮ, ಒಂದು ಹೂವು. ಆ ವಸ್ತುವು ಪ್ರತಿಫಲವನ್ನು ಕೇಳಿಲ್ಲ. ಕೊಟ್ಟರೆ ಸ್ವೀಕರಿಸಲೂ ಅದಕ್ಕೆ ಬಾರದು. ಹಾಗಿದ್ದರೆ ಈ ನಮಸ್ಕಾರವು ಯಾರಿಗೆ ಸಲ್ಲುತ್ತದೆ? ಕೃತಜ್ಞತೆಯೆಂಬುದು ಪಡೆದುದಕ್ಕೆ ನಾವು ತೆರುವ ಬೆಲೆಯೇ, ಅಥವಾ ಬೆಲೆಯ ಲೆಕ್ಕಕ್ಕೆ ಸಿಕ್ಕದ ಬೇರೊಂದು ಧರ್ಮವೇ? ಹಬ್ಬದ ಸಂಭ್ರಮದ ನಡುವೆ ಸಾವಧಾನವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಭಾಷೆಯೇ ಇದಕ್ಕೆ ಮೊದಲ ಉತ್ತರವನ್ನು ಕೊಡುತ್ತದೆ. 'ಕೃತಜ್ಞ'ನೆಂದರೆ ಮಾಡಿದುದನ್ನು ಬಲ್ಲವನು. ಮರಳಿ ಕೊಟ್ಟವನು ಎಂಬ ಅರ್ಥ ಆ ಪದದಲ್ಲಿಲ್ಲ. ಬಲ್ಲವನು ಎಂದಷ್ಟೇ ಇದೆ. ಅದರ ವಿರುದ್ಧ ಪದವಾದ 'ಕೃತಘ್ನ'ನೆಂದರೆ ಮಾಡಿದುದನ್ನು ಕೊಂದವನು. ನೆನಪನ್ನು ಕೊಲ್ಲುವುದೇ ಆ ಪಾಪ. ಇನ್ನು ಕನ್ನಡದ ಆಡುಮಾತು ಸಾಲಕ್ಕೂ ಋಣಕ್ಕೂ ಸೂಕ್ಷ್ಮವಾದ ಭೇದವೊಂದನ್ನು ಕಾಪಾಡಿಕೊಂಡು ಬಂದಿದೆ. ಸಾಲಕ್ಕೆ ಪತ್ರವುಂಟು, ಬಡ್ಡಿಯುಂಟು, ಗಡುವುಂಟು. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣಗಳಿಗೆ ಇವು ಯಾವುವೂ ಇಲ್ಲ. ಸಾಲ ತೀರಿದರೆ ಮನಸ್ಸು ಹಗುರಾಗುತ್ತದೆ. ಆದರೆ 'ಋಣ ತೀರಿತು' ಎಂಬ ಮಾತು ಕೇಳಿಬರುವುದು ಸಾವಿನ ಮನೆಯಲ್ಲಿ, ಇಲ್ಲವೇ ಸಂಬಂಧವು ಹರಿದು ಹೋದಲ್ಲಿ. ಋಣ ತೀರುವುದೆಂದರೆ ನಂಟು ಮುಗಿಯುವುದು. ಬದುಕಿರುವ ತನಕ ಅದು ತೀರದಿರಲಿ ಎಂಬುದೇ ಈ ನುಡಿಯ ಒಳಗಿನ ಹಾರೈಕೆ.

ಮುಂಬಯಿಯ ಮುಲುಂಡಿನಲ್ಲಿ ಮಗನ ಸಂಸಾರದೊಡನೆ ಬಾಳುತ್ತಿರುವ ಬಿಜಾಪುರದ ಕಡೆಯ ಅಜ್ಜಿಯೊಬ್ಬರ ಬದುಕಿನಲ್ಲಿ ಈ ತತ್ತ್ವವು ಶಾಸ್ತ್ರದ ಹಂಗಿಲ್ಲದೆ ಬೆಳೆದಿರುವುದನ್ನು ಕಾಣಬಹುದು. ಆಕೆಯ ತವರಿನ ಜಿಲ್ಲೆಗೆ ಇಂದು ವಿಜಯಪುರವೆಂದು ಹೆಸರು. ಹಲಸಂಗಿಯ ಗೆಳೆಯರು ಜನಪದ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದುದು ಆ ನೆಲದಿಂದಲೇ. ಅಲ್ಲಿನ ಹೆಣ್ಣುಮಕ್ಕಳು ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತ ಹಾಡಿದ ಹಾಡುಗಳಲ್ಲಿ ಬೀಸುವ ಕಲ್ಲಿಗೂ ತಾಯಿಯ ಪದವಿಯುಂಟು. ತವರಿನ ಸ್ಮರಣೆ, ದೇವರ ಸ್ಮರಣೆ, ಹೊಲದ ಸ್ಮರಣೆಗಳು ಅಲ್ಲಿ ಒಂದೇ ದನಿಯಲ್ಲಿ ಬೆರೆತಿವೆ. ಅಜ್ಜಿಯು ಬಾಲ್ಯದಲ್ಲಿ ಕಂಡ ಪೂಜೆಯೆಂದರೆ ಅದೇ. ಬೆಳಗ್ಗೆ ಎದ್ದು ನೆಲವನ್ನು ಮೆಟ್ಟುವ ಮೊದಲು ಭೂಮಿತಾಯಿಗೆ ಕೈಮುಗಿಯುವುದು, ಹೊಸ್ತಿಲಿಗೆ ನೀರೆರೆಯುವುದು, ಅಕ್ಕಿಹಿಟ್ಟಿನ ರಂಗೋಲಿಯಲ್ಲಿ ಇರುವೆಗೂ ಒಂದು ಪಾಲೆಂದು ಭಾವಿಸುವುದು - ಮಹಾನಗರದ ಮೂರನೆಯ ಮಹಡಿಯ ಮನೆಯಲ್ಲಿಯೂ ಆಕೆ ಇವುಗಳನ್ನು ಬಿಟ್ಟಿಲ್ಲ. ಮಹಾನವಮಿಯಂದು ಮಿಕ್ಸಿಗೂ, ಗ್ಯಾಸಿನ ಒಲೆಗೂ, ಕಸಬರಿಗೆಗೂ, ಕೊನೆಗೆ ಅಡಿಗೆಮನೆಯ ನಲ್ಲಿಗೂ ಕುಂಕುಮ ಏರುತ್ತದೆ.

ಆಕೆಯ ಬಾಯಿಂದ 'ಧನ್ಯವಾದ' ಎಂಬ ಪದವು ಎಂದೂ ಹೊರಟಿಲ್ಲ. ಬಾಯಾರಿದಾಗ ನೀರು ತಂದುಕೊಟ್ಟವರಿಗೆ ಆಕೆ ಹೇಳುವುದು 'ನಿನ್ನ ಹೊಟ್ಟಿ ತಣ್ಣಗಿರಲಿ' ಎಂಬ ಮಾತು. ಧನ್ಯವಾದವು ಕೊಡುಕೊಳ್ಳುವಿಕೆಯನ್ನು ಅಲ್ಲಿಗೇ ಮುಗಿಸಿಬಿಡಬಹುದು, ಹರಕೆಯು ಹಾಗಲ್ಲ. ಒಂದು ಲೋಟ ನೀರು ಕೊಟ್ಟವರ ಮಕ್ಕಳುಮರಿಗಳ ಬದುಕನ್ನೂ ಅದು ಮುಟ್ಟಲು ಹವಣಿಸುತ್ತದೆ. ಪಡೆದುದಕ್ಕೆ ಸಮವಾದುದನ್ನು ಕೊಡಲಾಗದೆಂಬ ಅರಿವು ಅದರಲ್ಲಿ ಮೊದಲೇ ಅಡಗಿದೆ.

ಹಿರಿಯರ ಗ್ರಂಥಗಳನ್ನು ಪರಿಶೀಲಿಸಿದರೂ ಇದೇ ತಥ್ಯವು ಗೋಚರಿಸುತ್ತದೆ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ಹೇಳಿದರೆ, ಶತಪಥ ಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ಇವುಗಳಿಂದ ಬಿಡುಗಡೆ ಹೊಂದುವ ಬಗೆಯಾದರೂ ಎಂತಹುದು? ಋಷಿಗಳಿಗೆ ಸಲ್ಲಬೇಕಾದುದು ಅಧ್ಯಯನದ ಮೂಲಕ ಸಲ್ಲುತ್ತದೆ. ವಿದ್ಯೆಯು ಮುಂದಿನವರಿಗೂ ಉಳಿಯುತ್ತದೆ. ಪಿತೃಗಳಿಗೆ ಸಲ್ಲಬೇಕಾದುದು ಸಂತಾನದ ಪಾಲನೆಯಿಂದ ಸಲ್ಲುತ್ತದೆ. ಮನುಷ್ಯಋಣವು ಅತಿಥಿಗೆ ಅನ್ನವಿಕ್ಕುವುದರಿಂದ ಸಲ್ಲುತ್ತದೆ. ಕೊಟ್ಟವರು ಹಿಂದೆ ಉಳಿದರು. ಪಡೆಯುವವರು ಮುಂದೆ ನಿಂತಿದ್ದಾರೆ. ನದಿಯು ಬೆಟ್ಟದಿಂದ ಇಳಿದು ಬಂದರೂ ಬೆಟ್ಟದ ಕಡೆಗೆ ಹರಿಯದೆ ಬಯಲಿಗೆ ಹರಿಯುವಂತೆ, ಈ ಋಣವೂ ಮುಂದಕ್ಕೇ ಹರಿಯತಕ್ಕದ್ದು.

ರಾಮಾಯಣದ ಉತ್ತರಕಾಂಡದಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು. ಪಟ್ಟಾಭಿಷೇಕದ ತರುವಾಯ ಹನುಮಂತನನ್ನು ಬೀಳ್ಕೊಡುವಾಗ ಶ್ರೀರಾಮನು ಅವನ ಉಪಕಾರವನ್ನು ತೀರಿಸಲು ಇಚ್ಛಿಸುವುದಿಲ್ಲ. ಅದು ತನ್ನಲ್ಲಿಯೇ ಕರಗಿಹೋಗಲೆಂದು ಬಯಸುತ್ತಾನೆ. ಕಾರಣವೂ ಅಪೂರ್ವವಾದುದು. ಪ್ರತ್ಯುಪಕಾರಕ್ಕೆ ಅವಕಾಶ ದೊರೆಯಬೇಕಾದರೆ ಉಪಕಾರ ಮಾಡಿದವನಿಗೆ ಆಪತ್ತು ಒದಗಬೇಕಷ್ಟೆ? ಋಣವನ್ನು ತೀರಿಸಲು ತವಕಿಸುವವನು ತನಗರಿಯದೆಯೇ ಉಪಕಾರಿಯ ಸಂಕಟವನ್ನು ಹಾರೈಸಿದಂತಾಗುತ್ತದೆ. ಆದುದರಿಂದ ಶ್ರೀರಾಮನು ಋಣಿಯಾಗಿಯೇ ಉಳಿಯಲು ಒಪ್ಪಿದನು. ಚಕ್ರವರ್ತಿಯೊಬ್ಬನು ಸೇವಕನಿಗೆ ಋಣಿಯಾಗಿರಲು ಸಮ್ಮತಿಸುವುದು ಸಾಮಾನ್ಯವಾದ ವಿನಯವಲ್ಲ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಕಠಿನವಾದ ಆಕ್ಷೇಪವು ಉಳಿಯುತ್ತದೆ. ಕೃತಜ್ಞತೆಯ ಹೆಸರಿನಲ್ಲಿ ಮನೆಮನೆಗಳಲ್ಲಿ ನಡೆಯುವ ಒತ್ತಾಯಕ್ಕೆ ಏನೆನ್ನಬೇಕು? 'ನಿನಗಾಗಿ ಇಷ್ಟೆಲ್ಲ ಮಾಡಿದೆವು' ಎಂದು ಮಕ್ಕಳ ಮುಂದೆ ಪಟ್ಟಿಯಿಡುವ ತಂದೆತಾಯಿಗಳಿದ್ದಾರೆ. ಉಂಡ ಮನೆಯ ಋಣವೆಂದು ಸೊಸೆಯ ಬಾಯಿ ಮುಚ್ಚಿಸಿದ ಮನೆಗಳೂ ಇವೆ. ಇಂತಹ ಕಡೆ ಕೃತಜ್ಞತೆಯು ಸದ್ಗುಣವಾಗಿ ಉಳಿಯದೆ ಸಂಕೋಲೆಯಾಗುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಅಜ್ಜಿಯು ಇದನ್ನು ತನ್ನ ಬಾಳಿನಲ್ಲಿಯೇ ಉಂಡವಳು. ಹದಿನೈದರ ಹರೆಯದಲ್ಲಿ ತುಂಬಿದ ಮನೆಗೆ ಸೊಸೆಯಾಗಿ ಬಂದಾಗ ಎಲ್ಲರ ಊಟವಾದ ಮೇಲೆ ಉಳಿದುದೇ ಆಕೆಯ ಪಾಲು. ಕೆಲವು ದಿನ ಉಳಿಯುತ್ತಲೂ ಇರಲಿಲ್ಲ. ಆಗ ಹಿರಿಯ ನೆಗೆಣ್ಣಿಯೊಬ್ಬಳು ಒಂದು ರೊಟ್ಟಿಯನ್ನು ಯಾರ ಕಣ್ಣಿಗೂ ಬೀಳದಂತೆ ಹಿಟ್ಟಿನ ಬುಟ್ಟಿಯಲ್ಲಿ ಬಚ್ಚಿಡುತ್ತಿದ್ದಳು. ಆ ವಿಷಯವಾಗಿ ಅವರಿಬ್ಬರೂ ಎಂದೂ ಮಾತನಾಡಲಿಲ್ಲ. ಇಂದು ನೆಗೆಣ್ಣಿ ಇಲ್ಲ, ಆ ಮನೆಯೂ ಪಾಲಾಗಿ ಹೋಗಿದೆ. ಅರುವತ್ತು ವರ್ಷಗಳಾಚೆಯ ಆ ರೊಟ್ಟಿಯ ಋಣವನ್ನು ಯಾರಿಗೆ ತೀರಿಸುವುದು?

ತೀರಿಸುವ ಬದಲು ಅಜ್ಜಿಯು ಎರಡು ನೇಮಗಳನ್ನು ಪಾಲಿಸಿಕೊಂಡು ಬಂದಳು. ತನಗೆ ಸೊಸೆ ಬಂದಂದಿನಿಂದ ಮನೆಯ ಹೆಂಗಸರು ಕೊನೆಗೆ ಉಣ್ಣುವ ಪದ್ಧತಿಯನ್ನು ನಿಲ್ಲಿಸಿದಳು. 'ನಾ ಪಟ್ಟ ಕಷ್ಟಾನ ಪದ್ಧತಿ ಅಂತ ಕೈಗೆ ಕೊಟ್ಟರ, ಅದು ಹಿರೇತನ ಅಲ್ಲ, ಸೇಡು' ಎಂಬುದು ಆಕೆಯ ಮಾತು. ಎರಡನೆಯದಾಗಿ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಬಿಸಿ ರೊಟ್ಟಿಯ ತಟ್ಟೆಯನ್ನು ಮೊದಲೇ ತೆಗೆದಿಡುತ್ತಾಳೆ. ಉಳಿದುದನ್ನು ಕೊಡುವುದಿಲ್ಲ. 'ಅಕೀಗೆ ಯಾಕ ಮೊದಲು, ಅಜ್ಜಿ?' ಎಂದು ಮೊಮ್ಮಗಳು ಕೇಳಿದಾಗ, 'ನನಗೂ ಒಬ್ಬಾಕಿ ತೆಗೆದಿಟ್ಟಿದ್ದಳವ್ವಾ' ಎಂದಷ್ಟೇ ಉತ್ತರ. ಅತ್ತೆಮನೆಯ ಕಠೋರತೆಗೆ ಆಕೆ ಕೃತಜ್ಞಳಲ್ಲ. ಆ ಕಠೋರತೆಯ ನಡುವೆ ದೊರೆತ ರೊಟ್ಟಿಗೆ ಕೃತಜ್ಞಳು. ಅನ್ಯಾಯವನ್ನು ಉಪಕಾರವೆಂದು ನೆನೆಯಬೇಕೆಂದು ಯಾವ ಧರ್ಮವೂ ವಿಧಿಸಲಾರದು. ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು. ಕೊಟ್ಟವನೇ ನೆನಪಿಸತೊಡಗಿದರೆ ಋಣವು ಸಾಲವಾಗಿ ಇಳಿದುಹೋಗುತ್ತದೆ.

ಪಡೆದವನೇ ಮರೆತರೆ? ಅದಕ್ಕೆ ಮಹಾಭಾರತದ ಶಾಂತಿಪರ್ವವು ಗೌತಮನೆಂಬ ಬ್ರಾಹ್ಮಣನ ಕಥೆಯನ್ನು ಹೇಳುತ್ತದೆ. ದಾರಿಗಾಣದ ಅವನಿಗೆ ರಾಜಧರ್ಮನೆಂಬ ಬಕಪಕ್ಷಿಯು ಆಶ್ರಯ ನೀಡಿತು. ಧನವನ್ನು ಪಡೆಯುವ ದಾರಿಯನ್ನೂ ತೋರಿತು. ಗೌತಮನಾದರೋ ಪ್ರಯಾಣದ ಬುತ್ತಿಗೆಂದು, ಮಲಗಿದ್ದ ಆ ಪಕ್ಷಿಯನ್ನೇ ಕೊಂದನು. ಕೃತಘ್ನನ ಮಾಂಸವನ್ನು ರಾಕ್ಷಸರೂ ಮುಟ್ಟಲಿಲ್ಲವಂತೆ. ಆದರೆ ಕಥೆಯು ಶಿಕ್ಷೆಯೊಂದಿಗೆ ಮುಗಿಯುವುದಿಲ್ಲ. ಮರಳಿ ಜೀವ ಪಡೆದ ಪಕ್ಷಿಯು ಇಂದ್ರನಲ್ಲಿ ಬೇಡಿದುದು ಗೌತಮನೂ ಬದುಕಲಿ ಎಂಬುದನ್ನೇ. ಕೃತಘ್ನತೆಯು ಪಡೆದವನನ್ನು ಹಾಳುಮಾಡಬಹುದು. ಕೊಟ್ಟವನ ಗುಣವನ್ನು ಕೆಡಿಸಲು ಅದಕ್ಕೆ ಶಕ್ತಿಯಿಲ್ಲ.

ದೇವರ ಪ್ರಶ್ನೆಯು ಇಲ್ಲಿಯೇ ಏಳುತ್ತದೆ. ಉಪಕಾರ ಮಾಡಿದವರು ಮನುಷ್ಯರಾಗಿರುವಾಗ ದೀಪವನ್ನು ದೇವರಿಗೆ ಹಚ್ಚುವುದೇಕೆ? ದುಡಿದವರ ಪಾಲನ್ನು ದೇವರ ಹೆಸರಿಗೆ ಬರೆದಂತಾಗದೇ? ಆಗುವ ಅಪಾಯವುಂಟು. ಅದನ್ನು ತಪ್ಪಿಸುವ ದಾರಿಯನ್ನು ಪುರಂದರದಾಸರ ಜೀವನವು ತೋರಿಸುತ್ತದೆ. ನವಕೋಟಿ ನಾರಾಯಣನೆನಿಸಿದ ಜಿಪುಣ ನಾಯಕನು ಹೆಂಡತಿಯ ಮೂಗುತಿಯ ಪ್ರಸಂಗದಿಂದ ಹರಿದಾಸನಾದನೆಂಬುದು ಕನ್ನಡಿಗರೆಲ್ಲ ಕೇಳಿ ಬಲ್ಲ ಕಥೆ. ದಾಸರು ತಮಗೊದಗಿದ ಭಾಗ್ಯವನ್ನು ವಿಠಲನ ಕೃಪೆಯೆಂದು ಎಣಿಸಿದರೂ, ಆ ಕೃಪೆಗೆ ದಾರಿಯಾದ ಹೆಂಡತಿಯನ್ನು ಕೀರ್ತನೆಯಲ್ಲಿ ಕೊಂಡಾಡಲು ಮರೆಯಲಿಲ್ಲ. ದೇವರ ಸ್ಮರಣೆಯು ಮನುಷ್ಯರ ಸ್ಮರಣೆಯನ್ನು ಅಳಿಸಬಾರದು.

ದೇವರು ಬೇಕಾಗುವುದು ಬೇರೊಂದು ಕಾರಣಕ್ಕಾಗಿ. ಉಪಕಾರಿಗಳಲ್ಲಿ ಬಹುಮಂದಿಯ ಮುಖವನ್ನು ಕಾಣುವಂತಿಲ್ಲ, ಹೆಸರನ್ನು ಅರಿಯುವಂತಿಲ್ಲ. ಕೆಲವರು ಕಾಲವಶರಾಗಿದ್ದಾರೆ. ಅವರೆಲ್ಲರಿಗೆ ಸಲ್ಲಬೇಕಾದ ನಮಸ್ಕಾರವು ಎಲ್ಲಿಗೆ ಹೋಗಬೇಕು? ಅಜ್ಜಿಯ ದೇವರಗೂಡು ಅಂತಹ ನಮಸ್ಕಾರಗಳಿಗೆ ಒಂದು ವಿಳಾಸ. ಪತಿಯನ್ನೂ, ಎದೆಯೆತ್ತರಕ್ಕೆ ಬೆಳೆದ ಮಗನೊಬ್ಬನನ್ನೂ ಕಳೆದುಕೊಂಡ ಆಕೆ ಆದುದೆಲ್ಲ ಒಳ್ಳೆಯದಕ್ಕೇ ಎಂದು ಎಂದೂ ಹೇಳಲಿಲ್ಲ. ಹೋದುದಕ್ಕೆ ಕಣ್ಣೀರು, ಇದ್ದಷ್ಟು ಕಾಲಕ್ಕೆ ಕೈಮುಗಿತ - ಇವೆರಡೂ ಒಂದೇ ದೀಪದ ಮುಂದೆ ನಡೆಯುತ್ತವೆ. ದುಃಖವನ್ನು ಬಚ್ಚಿಡಬೇಕೆಂದು ಕೇಳದಿರುವುದೇ ಅಂತಹ ಭಕ್ತಿಯ ಸತ್ಯ.

ಊರಿನಲ್ಲಿದ್ದಾಗ ಬಾವಿ ತೋಡಿಸಿದವರ ಹೆಸರು ಗೊತ್ತಿರುತ್ತಿತ್ತು. ಹಾಲು ಕರೆದವರ, ಜೋಳ ಬೆಳೆದವರ ಮುಖ ಗೊತ್ತಿರುತ್ತಿತ್ತು. ಮಹಾನಗರದಲ್ಲಿ ಎಲ್ಲವೂ ದುಡ್ಡಿಗೆ ದೊರೆಯುವುದರಿಂದ ಯಾರ ಋಣವೂ ಇಲ್ಲವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ನಲ್ಲಿಗೆ ಕುಂಕುಮವಿಡುವ ಅಜ್ಜಿಯನ್ನು ನೋಡಿ ನಕ್ಕ ಮೊಮ್ಮಗನಿಗೆ ಆಕೆ ಕೇಳಿದುದು ಒಂದೇ ಪ್ರಶ್ನೆ: 'ಈ ನೀರು ಯಾರ ಊರಿಂದ ಬರತದೋ, ತಮ್ಮಾ?' ಆ ಪ್ರಶ್ನೆಗೆ ಉತ್ತರವುಂಟು. ಮುಂಬಯಿಗೆ ತಾನ್ಸಾ ಕೆರೆಯ ನೀರು ಬರತೊಡಗಿದ್ದು 1892ರಲ್ಲಿ. ಆಮೇಲೆ ವೈತರಣಾ, ಭಾತ್ಸಾ ಜಲಾಶಯಗಳು ಸೇರಿಕೊಂಡವು. ನಗರಕ್ಕೆ ಇಷ್ಟು ನೀರನ್ನು ಕಳುಹಿಸುವ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಹಲವು ಹಳ್ಳಿಗಳು ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಅಲ್ಲಿನ ಹೆಂಗಸರು ಕೊಡ ಹೊತ್ತು ನಡೆಯುತ್ತಾರೆ. ನೀರಿನ ಬಿಲ್ಲನ್ನು ಕಟ್ಟಿದ ಮಾತ್ರಕ್ಕೆ ಈ ಋಣ ತೀರಿತೆಂದು ಯಾರು ಹೇಳಬಲ್ಲರು?

ಅಜ್ಜಿಗೆ ಈ ಸಂಗತಿ ತಿಳಿದ ದಿನದಿಂದ ಆ ಮನೆಯಲ್ಲಿ ಅಕ್ಕಿ ತೊಳೆದ ನೀರು ತುಳಸಿಗೆ ಹೋಗುತ್ತದೆ, ತೊಟ್ಟಿಕ್ಕುವ ನಲ್ಲಿ ಮರುದಿನದವರೆಗೆ ಉಳಿಯುವುದಿಲ್ಲ. ಇದು ಬಹಳ ಅಲ್ಪವೆನ್ನಬಹುದು. ಇದರಿಂದ ಶಹಾಪುರದ ಕೊಡ ತುಂಬದು. ಆದರೆ ಮಾಡಿದುದನ್ನು ಬಲ್ಲವನೇ ಕೃತಜ್ಞನೆಂದಾದರೆ, ಬಲ್ಲವನು ಮೊದಲಿನಂತೆ ನಡೆಯಲಾರ. ಅರಿವು ಮೊದಲು ಮನೆಯನ್ನು ತಿದ್ದುತ್ತದೆ; ಮನೆಯಿಂದ ಕೇರಿಗೆ, ಕೇರಿಯಿಂದ ನಾಡಿಗೆ ಅದು ನಡೆಯಬೇಕು. ದುಡಿಮೆ ಕೊಟ್ಟ ಪರನಾಡಿನ ಋಣ, ನುಡಿ ಕೊಟ್ಟ ತಾಯ್ನಾಡಿನ ಋಣ - ಎರಡನ್ನೂ ಹೊತ್ತ ಹೊರನಾಡ ಕನ್ನಡಿಗನಿಗೆ ಈ ಮಾತು ಇಮ್ಮಡಿಯಾಗಿ ಅನ್ವಯಿಸುತ್ತದೆ.

ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆರಗುತ್ತಾರೆ. ಅಜ್ಞಾತವಾಸದಲ್ಲಿ ಪಾಂಡವರ ಆಯುಧಗಳನ್ನು ಕಾಪಾಡಿದ ಮರದ ಎಲೆಯದು. ಬಂಗಾರವೆಂದೇ ಅದನ್ನು ಕರೆಯುತ್ತಾರೆ. ಕೊಟ್ಟವರೂ ಬನ್ನಿಯನ್ನೇ ಕೊಡುತ್ತಾರೆ, ಪಡೆದವರೂ ಬನ್ನಿಯನ್ನೇ ಮರಳಿ ಕೊಡುತ್ತಾರೆ. ಲೆಕ್ಕ ಹಾಕಿದರೆ ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಆದರೂ ಮುನಿದ ಮನಸ್ಸುಗಳು ಕೂಡುತ್ತವೆ, ಹಳೆಯ ನಂಟು ಹೊಸದಾಗುತ್ತದೆ. ಕೊಡುವುದೂ ಪಡೆಯುವುದೂ ಋಣವನ್ನು ತೀರಿಸಲಿಕ್ಕಲ್ಲ, ಉಳಿಸಿಕೊಳ್ಳಲಿಕ್ಕೆ ಎಂಬುದನ್ನು ಆ ಪುಟ್ಟ ಎಲೆಯು ವರ್ಷಕ್ಕೊಮ್ಮೆ ನೆನಪಿಸುತ್ತದೆ. ಜಗನ್ಮಾತೆಯ ಕೃಪೆಯಿಂದ ಅಂತಹ ಋಣವು ಎಲ್ಲ ಮನೆಗಳಲ್ಲಿಯೂ ಅಕ್ಷಯವಾಗಿರಲಿ.