ಅವ್ವ ಯಾವ ವಿಭಕ್ತಿಯಲ್ಲಿ?

ಕಳೆದ ತಿಂಗಳು ಒಂದು ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಊಟ ಮುಗಿಸಿ ಕೂತಿದ್ದೆ. ಹತ್ತು ನಿಮಿಷ ಸಮಯವಿತ್ತು. ಸಿಂಧನೂರಿನ ಹತ್ತಿರ ಊರಿನಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. "ಯಾಕಪಾ, ಏನಾತು?" ಅಂದಳು. ದನಿಯಲ್ಲಿ ಗಾಬರಿಯಿತ್ತು. ಏನೂ ಆಗಿಲ್ಲ, ಸುಮ್ಮನೆ ಮಾಡಿದೆ ಅಂದರೆ ನಂಬಲಿಲ್ಲ. "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ? ನೌಕರಿಗೇನರ ಆತೇನು?" ಎಂದು ಎರಡು ಸಲ ಕೇಳಿದಳು.

ನಾನು ಹೈದರಾಬಾದಿಗೆ ಬಂದು ಹದಿನಾರು ವರ್ಷವಾಯಿತು. ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತೇನೆ. ಪ್ರತಿ ತಿಂಗಳು ದುಡ್ಡು ಕಳಿಸುತ್ತೇನೆ. ಆದರೂ ಕೆಲಸವಿಲ್ಲದೆ ಮಾಡಿದ ಒಂದು ಕರೆ ಅವಳನ್ನು ಹೆದರಿಸಿತು. ಯಾಕೆ ಎಂಬುದಕ್ಕೆ ಉತ್ತರ ನನಗೆ ವಿಚಿತ್ರವಾದ ಕಡೆಯಿಂದ ಸಿಕ್ಕಿತು. ಆ ದಿನಗಳಲ್ಲಿ ನಾನು 'ಉದಾಹರಣ' ಎಂಬ ಕಾವ್ಯಪ್ರಕಾರದ ಬಗ್ಗೆ ಓದುತ್ತಿದ್ದೆ.

ಇದು ನಾವು ಶಾಲೆಯಲ್ಲಿ ಕೊಡುವ ಉದಾಹರಣೆ ಅಲ್ಲ. ಕವಿ ತನ್ನ ದೈವವನ್ನು ಎಂಟು ವಿಭಕ್ತಿಗಳಲ್ಲಿ ಒಂದಾದ ಮೇಲೊಂದರಂತೆ ನಿಲ್ಲಿಸಿ ಸ್ತುತಿಸುವ ಪುಟ್ಟ ಕಾವ್ಯ. ಪ್ರತಿ ವಿಭಕ್ತಿಗೂ ಒಂದು ವೃತ್ತ, ಅದರ ಬೆನ್ನಿಗೆ ತಾಳಕ್ಕೆ ಹೊಂದುವ ಕಲಿಕೆ, ಉತ್ಕಲಿಕೆ. ಇವುಗಳ ನಡಿಗೆ ನಮ್ಮ ರಗಳೆಗೆ ತೀರ ಹತ್ತಿರ. ಕೊನೆಗೆ ಎಂಟನ್ನೂ ಒಂದೇ ಪದ್ಯದಲ್ಲಿ ಕೂಡಿಸುವುದೂ ಉಂಟು. ಕಾಕತೀಯ ಪ್ರತಾಪರುದ್ರನ ಆಸ್ಥಾನದ ವಿದ್ಯಾನಾಥ ತನ್ನ ಸಂಸ್ಕೃತ ಅಲಂಕಾರಗ್ರಂಥದಲ್ಲಿ ಇದರ ಲಕ್ಷಣ ಹೇಳಿದ್ದಾನೆ. ಪಾಲ್ಕುರಿಕೆ ಸೋಮನಾಥ ಬಸವಣ್ಣನನ್ನು ಕುರಿತು ಸಂಸ್ಕೃತದಲ್ಲೊಂದು, ತೆಲುಗಿನಲ್ಲೊಂದು ಉದಾಹರಣ ಬರೆದ. ಕನ್ನಡದಲ್ಲೂ ಅವನ ಹೆಸರಿನ ರಗಳೆಗಳಿವೆ. ಓರುಗಲ್ಲಿನ ಸೀಮೆಯ ಈ ಕವಿ ಕೊನೆಗಾಲದಲ್ಲಿ ಮಾಗಡಿ ಕಡೆಯ ಕಲ್ಯಕ್ಕೆ ಬಂದು ಅಲ್ಲೇ ಐಕ್ಯನಾದ ಎನ್ನುತ್ತದೆ ಪರಂಪರೆ. ಊರು ಬಿಟ್ಟವರಿಗೆ ಇಂಥ ವಿಷಯ ಬೇಗ ಕಣ್ಣಿಗೆ ಬೀಳುತ್ತದೆ.

ಮೊದಲ ನೋಟಕ್ಕೆ ಇದೊಂದು ವ್ಯಾಕರಣದ ಕಸರತ್ತು. ಭಕ್ತಿ ಉಕ್ಕಿ ಬಂದವನು ಪ್ರತ್ಯಯ ಎಣಿಸುತ್ತ ಕೂರುತ್ತಾನೆಯೇ? ನನಗೂ ಹಾಗೇ ಅನಿಸಿತ್ತು. ಆಮೇಲೆ ನನ್ನ ಪ್ರಾರ್ಥನೆಗಳನ್ನೇ ನೆನೆದುಕೊಂಡೆ. ಮಗಳ ಜ್ವರ ಇಳಿಸು, ಸೈಟಿನ ಕೆಲಸ ಆಗಲಿ. ದೇವರು ಅಲ್ಲಿ ಬರೀ ತೃತೀಯೆಯಲ್ಲಿದ್ದಾನೆ: ಅವನಿಂದ ಆಗಬೇಕಾದ ಕೆಲಸ. ಉಕ್ಕಿ ಬಂದ ಭಕ್ತಿ ತನಗೆ ಅನುಕೂಲವಾದ ಒಂದೇ ವಿಭಕ್ತಿಯಲ್ಲಿ ನಿಂತುಬಿಡುತ್ತದೆ. ಉದಾಹರಣದ ಕಟ್ಟು ಅದನ್ನು ಬಿಡುವುದಿಲ್ಲ. ಅವನೇ ಕರ್ತೃವಾಗಿ ನಡೆಯುವುದನ್ನು ಹೇಳು, ಅವನನ್ನು ನೋಡು, ಅವನಿಗೆ ಕೊಡು, ಅವನವನಾಗು, ಅವನಲ್ಲಿ ನಿಲ್ಲು, ಕೊನೆಗೆ ಅವನನ್ನು ಕರೆ. ಭಕ್ತಿ, ವಿಭಕ್ತಿ ಎರಡೂ ಸಂಸ್ಕೃತದ ಒಂದೇ 'ಭಜ್' ಧಾತುವಿನಿಂದ ಬಂದವು. ಹಂಚಿಕೊಳ್ಳುವುದು ಎಂಬ ಅರ್ಥ ಅದರಲ್ಲಿದೆ.

ಈಗ ದೇವರ ಜಾಗದಲ್ಲಿ ಅವ್ವನನ್ನು ಇಟ್ಟು ನೋಡಿದೆ. ಅವಳಿಗೆ ದುಡ್ಡು ಕಳಿಸಿದೆ, ಅವಳಿಗೆ ಗುಳಿಗೆ ತರಿಸಿದೆ. ಚತುರ್ಥಿ ಭರ್ತಿಯಾಗಿದೆ. ಅವಳ ಬಿಪಿ, ಅವಳ ಆಧಾರ್ ಕಾರ್ಡು, ಅವಳ ಪಿಂಚಣಿ. ಷಷ್ಠಿಯೂ ಇದೆ. ಪ್ರಥಮೆ? ಅವ್ವ ಈ ವಾರ ಏನು ಮಾಡಿದಳು, ಯಾರ ಜೊತೆ ಜಗಳ ಆಡಿದಳು, ಯಾವುದಕ್ಕೆ ನಕ್ಕಳು? ಅವಳೇ ಕರ್ತೃವಾದ ಒಂದು ವಾಕ್ಯವೂ ನನಗೆ ಗೊತ್ತಿರಲಿಲ್ಲ.

ಪಂಚಮಿಯಲ್ಲಿ ಇನ್ನೂ ಕಷ್ಟವಾಯಿತು. ತೆಲುಗಿನ ವ್ಯಾಕರಣದಲ್ಲಿ ತೃತೀಯೆಗೆ 'ಚೇತ', ಪಂಚಮಿಗೆ 'ವಲನ' ಎಂಬ ಬೇರೆ ಬೇರೆ ಪ್ರತ್ಯಯಗಳಿವೆ. ನಮ್ಮ ಶಾಲೆಯ ಪುಸ್ತಕ ಪಂಚಮಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡಿಸಿತು. ಆಡುವಾಗ ಮಾತ್ರ ಎರಡಕ್ಕೂ 'ಇಂದ'ವೇ. ಅವ್ವನಿಂದ ಓದಿದೆ. ಅವ್ವನಿಂದ ದೂರ ಬಂದೆ. ಯಾರಿಂದ ನಮಗೆ ಬಿಡಿಸಿಕೊಂಡು ಹೋಗುವ ಶಕ್ತಿ ಬಂತೋ ಅವರಿಂದಲೇ ಬಿಡಿಸಿಕೊಂಡೆವು. ಕನ್ನಡ ಇವೆರಡನ್ನೂ ಒಂದೇ ಪ್ರತ್ಯಯದಲ್ಲಿ ಹೇಳುತ್ತದೆ. ವಲಸೆ ಬಂದವರ ಋಣ ಇರುವುದು ಇಲ್ಲೇ ಅನಿಸುತ್ತದೆ. ಇದನ್ನು ಚತುರ್ಥಿಯಲ್ಲಿ, ಅಂದರೆ ದುಡ್ಡು ಕಳಿಸಿ, ತೀರಿಸಬಹುದು ಎಂದುಕೊಂಡಿದ್ದೆ.

ಹಾಗಾದರೆ ಎಲ್ಲರನ್ನೂ ಎಂಟು ವಿಭಕ್ತಿಗಳಲ್ಲಿ ಕಾಣಬೇಕೇ? ಅದು ಆಗದ ಮಾತು. ಬೆಳಿಗ್ಗೆ ಹಾಲು ಹಾಕುವವನಿಂದ ನನಗೆ ಹಾಲು ಬೇಕು, ನನ್ನಿಂದ ಅವನಿಗೆ ದುಡ್ಡು ಬೇಕು. ತೃತೀಯೆ ಪಾಪವೇನಲ್ಲ. ಜರ್ಮನಿಯ ದಾರ್ಶನಿಕ ಕಾಂಟ್ ಕೂಡ ಮನುಷ್ಯರನ್ನು ಸಾಧನವಾಗಿ ಬಳಸಲೇಬಾರದು ಎನ್ನಲಿಲ್ಲ, ಬರೀ ಸಾಧನವಾಗಿ ಬಳಸಬಾರದು ಎಂದ. ಹಾಲಿನವನು ಎರಡು ದಿನ ಬಾರದಿದ್ದಾಗ ಹಾಲು ಯಾಕೆ ಬರಲಿಲ್ಲ ಎನ್ನುವ ಮೊದಲು ಅವನು ಹೇಗಿದ್ದಾನೆ ಎಂದು ಕೇಳಿದರೆ ಅವನು ಪ್ರಥಮೆಗೆ ಬರುತ್ತಾನೆ. ಅಷ್ಟು ಎಲ್ಲರಿಗೂ ಸಾಧ್ಯ. ಎಂಟೂ ಬೇಕಾದವರು ಬದುಕಿನಲ್ಲಿ ನಾಲ್ಕೈದು ಜನ ಇರಬಹುದು. ಅವರಿಗೂ ಅದು ಕೊಡದಿದ್ದರೆ ನಮ್ಮ ಪ್ರೀತಿ ಬರೀ ವ್ಯವಸ್ಥೆ.

ಎಂಟನೆಯದು ಸಂಬೋಧನೆ. ಉಳಿದ ಏಳರಲ್ಲಿ ನಾವು ಒಬ್ಬರ ಬಗ್ಗೆ ಮಾತಾಡುತ್ತೇವೆ, ಇಲ್ಲಿ ಅವರೊಡನೆ. ಕರೆದ ಮೇಲೆ ಏನೂ ಕೇಳಬೇಕಾಗಿಲ್ಲ. ನನ್ನ ಭಾನುವಾರದ ಫೋನು "ಹಲೋ, ಗುಳಿಗಿ ತೊಗೊಂಡಿಯೇನು? ರೊಕ್ಕ ಮುಟ್ಟಿತೇನು?" ಎಂದು ಶುರುವಾಗುತ್ತಿತ್ತು. ಹದಿನಾರು ವರ್ಷ ಕೆಲಸಕ್ಕಷ್ಟೇ ಫೋನ್ ಮಾಡಿದವನು ಸುಮ್ಮನೆ ಮಾಡಿದರೆ ಅವಳು ಹೆದರದೆ ಇನ್ನೇನು ಮಾಡಬೇಕು?

ಮೊನ್ನೆ ಗುರುವಾರ ಮತ್ತೆ ಮಾಡಿದೆ. "ಅವ್ವಾ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏನಪಾ, ರೊಕ್ಕ ಏನರ ಬೇಕಾಗೇದೇನು?" ಅಂದಳು. ಇಲ್ಲ ಅಂದೆ. ಆಮೇಲೆ ಪಕ್ಕದ ಮನೆಯವರ ಎಮ್ಮೆ ಕರು ಹಾಕಿದ ಕಥೆ ಹೇಳತೊಡಗಿದಳು.