ಪಾಸ್‌ಪೋರ್ಟ್ ಇದ್ದವನ ಋಣ

ಯುದ್ಧದ ಸುದ್ದಿಯನ್ನು ನಾವು ಬೆಳಗಿನ ಕಾಫಿಯೊಡನೆ ಓದುತ್ತೇವೆ. ಯಾವುದೋ ದೂರದ ದೇಶದ ಸುಟ್ಟ ಬೀದಿ, ಆಸ್ಪತ್ರೆಯ ವರಾಂಡದಲ್ಲಿ ಮಲಗಿಸಿದ ಮಕ್ಕಳು, ವರದಿಯ ಮೇಲೆ ಒಬ್ಬ ವಿದೇಶಿ ಪತ್ರಕರ್ತನ ಹೆಸರು. ಆ ಹೆಸರಿನವನಿಗೆ ಅಲ್ಲಿಯ ಭಾಷೆ ಬರುತ್ತಿತ್ತೇ? ಯಾವ ರಸ್ತೆಯಲ್ಲಿ ಹೋದರೆ ಜೀವ ಉಳಿಯುತ್ತದೆಂದು ಅವನಿಗೆ ಹೇಳಿಕೊಟ್ಟವರು ಯಾರು? ಮಗನನ್ನು ಕಳೆದುಕೊಂಡ ತಾಯಿ ಅಳುತ್ತಾ ಆಡಿದ ಮಾತನ್ನು ಅವನಿಗೆ ತಿಳಿಸಿದವರು ಯಾರು? ಇದನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ.

ಯುದ್ಧಭೂಮಿಗೆ ಹೋಗುವ ವಿದೇಶಿ ಪತ್ರಕರ್ತರು ಮೊದಲು ಮಾಡುವ ಕೆಲಸ ಆ ಊರಿನವನೊಬ್ಬನನ್ನು ಗೊತ್ತುಮಾಡಿಕೊಳ್ಳುವುದು. ಆ ವೃತ್ತಿಯಲ್ಲಿ ಅವನನ್ನು ‘ಫಿಕ್ಸರ್’ ಎನ್ನುತ್ತಾರೆ. ಹೆಸರೇನೂ ಚೆನ್ನಾಗಿಲ್ಲ, ನಮ್ಮಲ್ಲಿ ಆ ಪದ ಕೇಳಿದರೆ ಕ್ರಿಕೆಟ್ ಜೂಜು ನೆನಪಾಗುತ್ತದೆ. ಆದರೆ ದುಭಾಷಿ ಅವನೇ, ದಾರಿ ತೋರಿಸುವವನು ಅವನೇ, ತಡೆದು ನಿಲ್ಲಿಸಿದ ಸೈನಿಕನ ಕೈಕಾಲು ಹಿಡಿದು ಬಿಡಿಸಿಕೊಂಡು ಬರುವವನೂ ಅವನೇ. ವಿದೇಶಿಯ ಧೈರ್ಯವನ್ನು ನಾನು ಕಡಿಮೆ ಎನ್ನುತ್ತಿಲ್ಲ. ಅಮೆರಿಕದ ಮೇರಿ ಕಾಲ್ವಿನ್ 2012ರಲ್ಲಿ ಸಿರಿಯಾದ ಹೋಮ್ಸ್ ನಗರದಲ್ಲಿ ಸತ್ತರು. ನಮ್ಮ ದೇಶದ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ 2021ರಲ್ಲಿ ಆಫ್ಘಾನಿಸ್ತಾನದಲ್ಲಿ ಸತ್ತರು. ಆದರೂ ಇಬ್ಬರ ನಡುವೆ ಒಂದು ವ್ಯತ್ಯಾಸ ಉಳಿದೇ ಇರುತ್ತದೆ. ಒಬ್ಬನ ಜೇಬಿನಲ್ಲಿ ಹೊರಗೆ ಹೋಗುವ ಪಾಸ್‌ಪೋರ್ಟ್ ಇದೆ, ಇನ್ನೊಬ್ಬನಿಗೆ ಅದು ಹುಟ್ಟಿದ ಊರು.

ಈ ವ್ಯತ್ಯಾಸದ ಬೆಲೆ ಏನೆಂದು ತಿಳಿಯಲು ಕಾಂಬೋಡಿಯಾದ ಒಂದು ಘಟನೆಯನ್ನು ನೋಡೋಣ. ನಿಮ್ಮಲ್ಲಿ ಕೆಲವರು 1984ರ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಚಲನಚಿತ್ರದಲ್ಲಿ ಇದನ್ನು ನೋಡಿರಬಹುದು.

‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಿಡ್ನಿ ಶಾನ್‌ಬರ್ಗ್ ಅವರಿಗೆ ರಾಜಧಾನಿ ನಾಮ್ ಪೆನ್‌ನಲ್ಲಿ ಸಹಾಯಕರಾಗಿದ್ದವರು ಡಿತ್ ಪ್ರಾನ್ ಎಂಬ ಕಾಂಬೋಡಿಯಾದವರು. 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಪಡೆಗಳು ನಗರದ ಬಾಗಿಲಿಗೆ ಬಂದವು. ಏಪ್ರಿಲ್ 12ರಂದು ಅಮೆರಿಕದವರು ಹೆಲಿಕಾಪ್ಟರ್‌ಗಳಲ್ಲಿ ಹೊರಟರು. ಪ್ರಾನ್ ತಮ್ಮ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಅವರೊಡನೆ ಕಳಿಸಿ ತಾವು ಉಳಿದರು. ಶಾನ್‌ಬರ್ಗ್ ಸಹ ಉಳಿದರು. ಐದು ದಿನಗಳ ನಂತರ ನಗರ ಬಿತ್ತು. ಅದೇ ದಿನ ಆಸ್ಪತ್ರೆಯೊಂದಕ್ಕೆ ಹೋಗಿ ಹೊರಬರುವಾಗ ಶಾನ್‌ಬರ್ಗ್ ಮತ್ತು ಇನ್ನಿಬ್ಬರು ವಿದೇಶಿ ಪತ್ರಕರ್ತರನ್ನು ಸೈನಿಕರು ಬಂದೂಕು ಹಿಡಿದು ಯುದ್ಧವಾಹನಕ್ಕೆ ತಳ್ಳಿದರು. ಪ್ರಾನ್ ಅವರನ್ನು ಯಾರೂ ಹಿಡಿಯಲಿಲ್ಲ, ಅವರು ನಡೆದು ಹೋಗಿಬಿಡಬಹುದಿತ್ತು. ಆದರೆ ತಮ್ಮನ್ನೂ ಹತ್ತಿಸಿಕೊಳ್ಳಿ ಎಂದು ಬೇಡಿಕೊಂಡು ಆ ವಾಹನ ಹತ್ತಿದರು. ಇವರು ಅಮೆರಿಕದವರಲ್ಲ, ನಿರುಪದ್ರವಿ ಪತ್ರಕರ್ತರು ಎಂದು ಗಂಟೆಗಟ್ಟಲೆ ವಾದಿಸಿ ಮೂವರ ಪ್ರಾಣ ಉಳಿಸಿದರು.

ಎಲ್ಲರೂ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ಕೆಲವೇ ದಿನಗಳಲ್ಲಿ ಕಾಂಬೋಡಿಯಾದವರೆಲ್ಲ ಹೊರಗೆ ಬರಬೇಕೆಂಬ ಆಜ್ಞೆಯಾಯಿತು. ಬ್ರಿಟಿಷ್ ಪತ್ರಕರ್ತ ಜಾನ್ ಸ್ವೇನ್ ಅವರ ಬಳಿ ಎರಡನೆಯ ಪಾಸ್‌ಪೋರ್ಟ್ ಇತ್ತು. ಅದನ್ನು ತಿದ್ದಿ ಪ್ರಾನ್ ಅವರದಾಗಿ ಮಾಡಲು ಗೆಳೆಯರು ಪ್ರಯತ್ನಿಸಿದರು, ಅದು ನಂಬಿಕೆ ಹುಟ್ಟಿಸುವಂತಿರಲಿಲ್ಲ. ಕೊನೆಗೆ ಪ್ರಾನ್ ಗೇಟು ದಾಟಿ ಹೊರನಡೆದರು. ವಿದೇಶಿಯರನ್ನು ಲಾರಿಗಳಲ್ಲಿ ಥಾಯ್ಲೆಂಡಿಗೆ ಸಾಗಿಸಲಾಯಿತು. ಮರುವರ್ಷ ಶಾನ್‌ಬರ್ಗ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವರು ಅದನ್ನು ಪ್ರಾನ್ ಅವರ ಪರವಾಗಿಯೂ ಸ್ವೀಕರಿಸಿದರು. ಪ್ರಾನ್ ಬದುಕಿದ್ದಾರೋ ಇಲ್ಲವೋ ಆಗ ಅವರಿಗೆ ಗೊತ್ತಿರಲಿಲ್ಲ.

ಇಲ್ಲಿ ನೀವು ಹೇಳಬಹುದು: ‘ಪ್ರಾನ್ ತಾವಾಗಿ ಉಳಿದರಲ್ಲ! ಹೆಲಿಕಾಪ್ಟರ್ ಹತ್ತಬಹುದಿತ್ತು. ಯಾರೂ ಬಲವಂತ ಮಾಡಲಿಲ್ಲ.’ ನಿಜ. ಪ್ರಾನ್ ಬರಿಯ ದುಭಾಷಿಯಲ್ಲ, ಅವರೂ ಪತ್ರಕರ್ತರೇ. ತಮ್ಮ ದೇಶಕ್ಕೆ ಆಗುತ್ತಿರುವುದನ್ನು ಲೋಕಕ್ಕೆ ತಿಳಿಸಬೇಕೆಂಬ ಹಂಬಲ ಅವರಿಗೂ ಇತ್ತು. ಆ ಹಂಬಲವನ್ನು ಮರೆತು ಅವರನ್ನು ಕೇವಲ ಬಲಿಪಶುವೆಂದರೆ ಅವರಿಗೇ ಅವಮಾನ. ಆದರೂ ಶಾನ್‌ಬರ್ಗ್ ಅವರ ಮನಸ್ಸಾಕ್ಷಿಗೆ ಈ ಉತ್ತರ ಸಾಕಾಗಲಿಲ್ಲ. ತನ್ನ ವರದಿಯ ಹಟಕ್ಕಾಗಿ ಪ್ರಾನ್ ಉಳಿಯಬೇಕಾಯಿತೇ ಎಂಬ ಅಪರಾಧಿ ಭಾವ ಅವರನ್ನು ವರ್ಷಗಟ್ಟಲೆ ಕಾಡಿತು.

ಅದು ಕಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ನಮ್ಮ ಮನೆಗಳನ್ನೇ ನೋಡಿ. ‘ಕ್ರಿಸ್ಮಸ್ ದಿನ ಸ್ವಲ್ಪ ಬೇಗ ಬರಲು ಆಗುತ್ತದೇನಮ್ಮಾ?’ ಎಂದು ಕೆಲಸದಾಕೆಯನ್ನು ಕೇಳುತ್ತೇವೆ. ‘ಆಗಲಿ ಅಮ್ಮಾವ್ರೇ’ ಎನ್ನುತ್ತಾಳೆ ಆಕೆ. ನಾವು ಬಲವಂತ ಮಾಡಲಿಲ್ಲ, ಆಕೆ ಒಪ್ಪಿದಳು. ಆದರೆ ಆಕೆಗೂ ಮನೆ ಇದೆ, ಮಕ್ಕಳಿದ್ದಾರೆ. ‘ಆಗುವುದಿಲ್ಲ’ ಎಂದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯವೂ ಆ ಒಪ್ಪಿಗೆಯೊಳಗೆ ಇದ್ದೀತು. ಸಂಬಳ ಕೊಡುವವನು ಕೇಳಿದಾಗ ಸಂಬಳ ಪಡೆಯುವವನು ಕೊಡುವ ಒಪ್ಪಿಗೆ ಸುಳ್ಳೇನಲ್ಲ. ಆದರೆ ಅದು ಇಬ್ಬರು ಸಮಾನರ ನಡುವಿನ ಒಪ್ಪಿಗೆಯೂ ಅಲ್ಲ. ಯುದ್ಧಭೂಮಿಯಲ್ಲಿ ಈ ಅಂತರ ಇನ್ನೂ ದೊಡ್ಡದು. ‘ನಾಳೆ ಆ ಹಳ್ಳಿಗೆ ಹೋಗೋಣವೇ?’ ಎಂದು ಕೇಳುವವನು ತಪ್ಪಾದರೆ ವಿಮಾನ ಹತ್ತಿಯಾನು. ‘ಹೋಗೋಣ ಸರ್’ ಎನ್ನುವವನು ಆ ಹಳ್ಳಿಯ ನೆರೆಯಲ್ಲೇ ಬಾಳಬೇಕು. ಬಲಿಪೂಜೆಯ ಆರಂಭದಲ್ಲಿ ಎದೆ ಮುಟ್ಟಿಕೊಂಡು ಹೇಳುವ ಪಾಪನಿವೇದನೆಯಲ್ಲಿ ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಒಪ್ಪಿಕೊಳ್ಳುತ್ತೇವೆ. ‘ನಾನು ಬಲವಂತ ಮಾಡಲಿಲ್ಲ’ ಎಂಬ ಮಾತು ಮೊದಲನೆಯದಕ್ಕೆ ಮಾತ್ರ ಉತ್ತರ.

ಹಾಗಾದರೆ ವಿದೇಶಿ ಪತ್ರಕರ್ತರು ಹೋಗಲೇಬಾರದೇ? ಹಾಗೆಂದು ತೀರ್ಪು ಕೊಡುವುದು ಸುಲಭ. ಆದರೆ ಅದೇ ಕಾಂಬೋಡಿಯಾವನ್ನು ನೋಡಿ. ಕೊನೆಯ ವಿದೇಶಿಯರು ಹೊರಟ ಮೇಲೆ ಖ್ಮೇರ್ ರೂಜ್ ದೇಶದ ಬಾಗಿಲು ಮುಚ್ಚಿತು. 1975ರಿಂದ 1979ರ ಜನವರಿಯವರೆಗೆ ಹಸಿವು, ರೋಗ, ಕೊಲೆಗಳಿಂದ ಸುಮಾರು 17 ಲಕ್ಷ ಜನ ಸತ್ತರೆಂದು ಅಂದಾಜು. ಗಡಿ ದಾಟಿ ಬಂದ ನಿರಾಶ್ರಿತರು ಹೇಳಿದ್ದನ್ನು ಬಹಳಷ್ಟು ಜನ ಅತಿಶಯೋಕ್ತಿಯೆಂದು ತಳ್ಳಿಹಾಕಿದರು. ನೋಡುವ ಕಣ್ಣು ಇಲ್ಲದ ಕಡೆ ಕೊಲೆಗಾರನಿಗೆ ಅವಸರವೇ ಇರುವುದಿಲ್ಲ. ಆದ್ದರಿಂದ ಹೋಗುವುದು ತಪ್ಪಲ್ಲ. ಹೊರಟು ಬರುವುದೂ ತಪ್ಪಲ್ಲ. ಸಂತ ಲೂಕರ ಶುಭಸಂದೇಶದ ಆ ಸಮಾರಿಯದವನೂ ಗಾಯಾಳುವನ್ನು ಛತ್ರದಲ್ಲಿ ಬಿಟ್ಟು ಮರುದಿನ ಹೊರಟುಹೋದ. ಆದರೆ ಹಣ ಕೊಟ್ಟು ಹೋದ. ಮತ್ತೆ ಬರುತ್ತೇನೆ, ಉಳಿದದ್ದನ್ನು ತೀರಿಸುತ್ತೇನೆ ಎಂದು ಹೇಳಿ ಹೋದ. ಪ್ರವಚನಗಳಲ್ಲಿ ಈ ಭಾಗದ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಶಾನ್‌ಬರ್ಗ್ ತಕ್ಕಮಟ್ಟಿಗೆ ಹಾಗೆಯೇ ಮಾಡಿದರು. ಅಮೆರಿಕದಲ್ಲಿ ಪ್ರಾನ್ ಅವರ ಹೆಂಡತಿ ಮಕ್ಕಳನ್ನು ನೋಡಿಕೊಂಡರು. ಥಾಯ್ ಗಡಿಯ ಪರಿಹಾರ ಸಂಸ್ಥೆಗಳಿಗೆ ಪ್ರಾನ್ ಅವರ ಭಾವಚಿತ್ರಗಳನ್ನು ಕಳಿಸುತ್ತಲೇ ಇದ್ದರು. ಇತ್ತ ಪ್ರಾನ್ ಓದು ಬರಹ ಬಾರದ ಟ್ಯಾಕ್ಸಿ ಚಾಲಕನಂತೆ ನಟಿಸುತ್ತಾ, ಇಲಿ ಹುಳು ತಿಂದು, ಒಂದು ಹಿಡಿ ಅಕ್ಕಿ ಕದ್ದದ್ದಕ್ಕೆ ಸಾಯುವಷ್ಟು ಹೊಡೆತ ತಿಂದು ನಾಲ್ಕು ವರ್ಷ ಬದುಕಿದರು. 1979ರ ಅಕ್ಟೋಬರ್ 3ರಂದು ಥಾಯ್ಲೆಂಡಿನ ಗಡಿ ದಾಟಿದರು. ಶಾನ್‌ಬರ್ಗ್ ವಿಮಾನ ಹತ್ತಿ ಬಂದು ಅವರನ್ನು ಶಿಬಿರದಲ್ಲಿ ಕಂಡರು. ನಂತರ ಪ್ರಾನ್ ಅದೇ ಪತ್ರಿಕೆಯಲ್ಲಿ ಛಾಯಾಗ್ರಾಹಕರಾಗಿ, 2008ರಲ್ಲಿ ಸಾಯುವವರೆಗೂ ತಮ್ಮ ದೇಶದ ಕಥೆಯನ್ನು ಹೇಳುತ್ತಾ ಹೋದರು. ಅವರ ಮೂವರು ಅಣ್ಣತಮ್ಮಂದಿರೂ ಒಬ್ಬ ಸೋದರಿಯೂ ಉಳಿಯಲಿಲ್ಲ.

ಪಾಸ್‌ಪೋರ್ಟ್ ಎಂದರೇನೆಂದು ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ನಮ್ಮ ಸರ್ಕಾರ ಜೋರ್ಡಾನಿನ ಅಮ್ಮಾನ್ ಮೂಲಕ ಕರೆತಂದಿತು. ಹೊರಬರಲು ದಾರಿ ಇರುವುದು ಎಷ್ಟು ದೊಡ್ಡ ಭಾಗ್ಯವೆಂದು ಆ ಮನೆಯವರನ್ನು ಕೇಳಿ.

ಎಲ್ಲರ ಕಥೆಯೂ ಪ್ರಾನ್ ಅವರ ಕಥೆಯಂತೆ ಮುಗಿಯುವುದಿಲ್ಲ. 2007ರ ಮಾರ್ಚ್‌ನಲ್ಲಿ ಆಫ್ಘಾನಿಸ್ತಾನದಲ್ಲಿ ಇಟಲಿಯ ಪತ್ರಕರ್ತ ದಾನಿಯೇಲೆ ಮಾಸ್ತ್ರೊಜಾಕೊಮೊ ಅವರನ್ನು ತಾಲಿಬಾನಿಗಳು ಅಪಹರಿಸಿದರು. ಜೊತೆಗೆ ಚಾಲಕ ಸಯ್ಯದ್ ಆಗಾ, ದುಭಾಷಿ ಅಜ್ಮಲ್ ನಕ್ಷ್‌ಬಂದಿ. ಚಾಲಕನ ತಲೆ ಕಡಿದರು. ಐವರು ತಾಲಿಬಾನ್ ಕೈದಿಗಳನ್ನು ಬಿಟ್ಟ ಮೇಲೆ ಇಟಲಿಯವರು ಬಿಡುಗಡೆಯಾದರು. ಅಜ್ಮಲ್ ಉಳಿದುಬಿಟ್ಟರು, ಏಪ್ರಿಲ್‌ನಲ್ಲಿ ಅವರನ್ನೂ ಕೊಂದರು. ಆಫ್ಘಾನಿಸ್ತಾನದ ಪತ್ರಕರ್ತರು ಆಗ ಸಿಟ್ಟಿಗೆದ್ದು ಕೇಳಿದ್ದು ಒಂದೇ: ನಮ್ಮ ಜೀವಕ್ಕೆ ಬೆಲೆ ಇಲ್ಲವೇ?

2009ರಲ್ಲಿ ಸುಲ್ತಾನ್ ಮುನಾದಿ ಎಂಬವರದು ಇನ್ನೂ ಕಠಿಣ ಸಂಗತಿ. ಅವರು ಜರ್ಮನಿಯಲ್ಲಿ ಓದುತ್ತಿದ್ದರು, ಹೊರಗೆ ಉಳಿಯುವ ದಾರಿ ಅವರಿಗಿತ್ತು. ಆದರೆ ಎಲ್ಲರೂ ಬಿಟ್ಟು ಹೋದರೆ ದೇಶ ಕಟ್ಟುವವರು ಯಾರು ಎಂಬ ನಿಲುವು ಅವರದು. ಹಾಗೆಂದು ಬರೆದೂ ಇದ್ದರು. ರಜೆಗೆ ಬಂದಾಗ ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರ ಸ್ಟೀಫನ್ ಫಾರೆಲ್ ಅವರೊಡನೆ ಕುಂದೂಜ್ ಕಡೆ ಹೋದರು, ಇಬ್ಬರೂ ಅಪಹರಣಕ್ಕೊಳಗಾದರು. ಸೆಪ್ಟೆಂಬರ್ 9ರ ಬೆಳಗಿನ ಜಾವ ಬ್ರಿಟಿಷ್ ಕಮಾಂಡೋಗಳು ಬಂದಾಗ ಗುಂಡಿನ ನಡುವೆ ಮುನಾದಿ ಸತ್ತರು. ಒಬ್ಬ ಬ್ರಿಟಿಷ್ ಸೈನಿಕನೂ ಸತ್ತ. ಫಾರೆಲ್ ಅವರನ್ನು ಹೆಲಿಕಾಪ್ಟರ್‌ನಲ್ಲಿ ಕರೆದೊಯ್ದರು. ಮುನಾದಿಯವರ ದೇಹ ಅಲ್ಲೇ ಉಳಿಯಿತು.

2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಅದೇ ಪತ್ರಿಕೆ ತನ್ನ ಆಫ್ಘನ್ ಸಿಬ್ಬಂದಿಯನ್ನೂ ಅವರ ಕುಟುಂಬಗಳನ್ನೂ ಹೊರತಂದಿತು. ಅವರಿಗೆ ಮೊದಲು ಆಶ್ರಯ ಕೊಟ್ಟ ದೇಶ ಮೆಕ್ಸಿಕೋ. ನಾಮ್ ಪೆನ್‌ನಲ್ಲಿ ಪ್ರಾನ್ ಗೇಟು ದಾಟಿ ಹೊರನಡೆದು ಆಗ 46 ವರ್ಷಗಳಾಗಿದ್ದವು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರನ್ನು ಹೀಗೆ ಹುಡುಕಬಹುದು. ಎರಡು ದಿನದ ಬಾಡಿಗೆಗೆ ಕಾರು ತಂದ ಚಾಲಕ, ಒಂದು ಮಧ್ಯಾಹ್ನ ಮಾತ್ರ ದುಭಾಷಿಯಾಗಿದ್ದ ಶಾಲಾ ಮೇಷ್ಟ್ರು, ಇವರ ಹೆಸರು ಯಾವ ಪಟ್ಟಿಯಲ್ಲಿ ಇರುತ್ತದೆ?