ಕಣ್ಣು ಮುಚ್ಚಿದವನ ಹೊಣೆ

ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಗೆ ಬರುವ ರಸ್ತೆಗಳನ್ನು ನೀವು ಕಂಡಿರುವಿರಿ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆದ ಭತ್ತವನ್ನು ಹೊತ್ತ ಲಾರಿಗಳು ಇರುಳಲ್ಲೂ ಸಾಗುತ್ತಿರುತ್ತವೆ. ಅಂಥ ಲಾರಿಯ ಚಾಲಕನೊಬ್ಬನು ಕ್ಷಣಕಾಲ ಕಣ್ಣು ಮುಚ್ಚಿ ಅನಾಹುತವಾದರೆ ನಾವು ಆಡುವ ಮಾತು ಒಂದೇ: “ಅವನಿಗೆ ಎಚ್ಚರ ಬೇಡವಾಗಿತ್ತೇ?” ಆದರೆ ಎಚ್ಚರವೆಂಬುದು ಕೇವಲ ಮನಸ್ಸಿನ ಸಂಕಲ್ಪವೇ?

ಅಲ್ಲವೆನ್ನುತ್ತದೆ ವಿಜ್ಞಾನ. ಮೊದಲ ಮಹಾಯುದ್ಧದ ಕಾಲದಲ್ಲಿ ಹರಡಿದ ಮಿದುಳಿನ ಉರಿಯೂತವೊಂದರ ರೋಗಿಗಳನ್ನು ವಿಯೆನ್ನಾದ ವೈದ್ಯ ಫಾನ್ ಎಕೊನೊಮೊ ಅಧ್ಯಯನ ಮಾಡಿದರು. ಹೈಪೊಥಲಾಮಸ್ ಎಂಬ ಭಾಗದ ಹಿಂಬದಿ ಹಾನಿಗೊಂಡವರು ಸದಾ ನಿದ್ರಿಸುತ್ತಿದ್ದರು. ಮುಂಬದಿ ಹಾನಿಗೊಂಡವರಿಗೆ ನಿದ್ದೆಯೇ ಬಾರದಾಗಿತ್ತು. 1949ರಲ್ಲಿ ಮೊರುಝಿ ಮತ್ತು ಮಗೂನ್ ಎಂಬ ವಿಜ್ಞಾನಿಗಳು ಅರಿವಳಿಕೆಯಲ್ಲಿದ್ದ ಬೆಕ್ಕುಗಳ ಮಿದುಳಿನ ಕಾಂಡದಲ್ಲಿರುವ ನರಜಾಲವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಕೂಡಲೇ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾಗಿ ಮಾರ್ಪಟ್ಟವು. ಬೆಕ್ಕಿನಲ್ಲಿರುವಂತೆ ಮನುಷ್ಯನಲ್ಲಿಯೂ ಎಚ್ಚರಿಸುವ ಮತ್ತು ಮಲಗಿಸುವ ನೆಲೆಗಳು ಸಂಕಲ್ಪಕ್ಕಿಂತ ಆಳದಲ್ಲಿವೆ.

ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ನಾವು ಎಚ್ಚರವಾಗಿದ್ದಷ್ಟೂ ಹೊತ್ತು ಅಡಿನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಸಂಗ್ರಹವಾಗುತ್ತ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಚಹಾದಲ್ಲಿರುವ ಕೆಫೀನ್ ಅದರ ಪರಿಣಾಮವನ್ನು ಕೆಲಹೊತ್ತು ತಡೆಯಬಲ್ಲದು, ಅಷ್ಟೇ. ರಸ್ತೆ ಬದಿಯ ಅಂಗಡಿಯ ಚಹಾ ನಿದ್ದೆಯ ಸಾಲವನ್ನು ಮುಂದೂಡುವುದೇ ಹೊರತು ತೀರಿಸದು.

ಹಾಗಾದರೆ ಯಾರದೂ ತಪ್ಪಿಲ್ಲವೆನ್ನೋಣವೇ? ಹಾಗೆಂದರೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ನಾವೇನು ಉತ್ತರ ಕೊಟ್ಟಂತಾಯಿತು? ಹೊಣೆ ಇಲ್ಲದಿಲ್ಲ, ಅದು ಕಣ್ಣು ಮುಚ್ಚಿದ ಕ್ಷಣಕ್ಕಿಂತ ಹಿಂದೆ ಇದೆ. ನಿದ್ದೆಗೆ ಜಾರುವ ಗಳಿಗೆ ಚಾಲಕನ ಕೈಯಲ್ಲಿಲ್ಲದಿರಬಹುದು. ದಣಿದ ಮೈಯಲ್ಲಿ ಸ್ಟಿಯರಿಂಗ್ ಹಿಡಿಯುವ ಗಳಿಗೆ ಅವನ ಕೈಯಲ್ಲಿತ್ತು. ಅದೂ ಅವನೊಬ್ಬನದೇ ಆಗಿತ್ತೇ? “ಇನ್ನೊಂದು ಟ್ರಿಪ್ ಹೊಡೆದು ಬಾ” ಎಂದ ಮಾಲೀಕನಿಗೂ, “ಬೆಳಗಾಗುವುದರೊಳಗೆ ಮಾಲು ಬರಲಿ” ಎಂದ ವ್ಯಾಪಾರಿಗೂ ಅದರಲ್ಲಿ ಪಾಲಿದೆ. ಸಾರಿಗೆ ಕಾರ್ಮಿಕರ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿಯನ್ನು 1961ರ ಕಾಯಿದೆಯೇ ವಿಧಿಸಿತ್ತು. ಆ ಮಿತಿಯ ಅರಿವು ನಮಗಿಲ್ಲದಿದ್ದರೂ ಮೈಗೆ ಇದೆ.

ನಮ್ಮ ಮನೆಗಳಲ್ಲಿಯೂ ಇಂಥವರಿದ್ದಾರೆ: ರಾತ್ರಿಪಾಳಿ ಮುಗಿಸಿ ಬಂದು ಅಡುಗೆಗೆ ನಿಲ್ಲುವ ನರ್ಸ್, ರೋಗಿಯ ಬಳಿ ಇರುಳೆಲ್ಲ ಕುಳಿತ ಸೊಸೆ. ಅವರು ತೂಕಡಿಸಿದಾಗ ಗದರುವುದು ಸುಲಭ. ಅದಕ್ಕೆ ಮುನ್ನವೇ, “ನೀನು ಮಲಗು, ಇನ್ನು ನಾನು ಕೂರುತ್ತೇನೆ” ಎನ್ನುವುದು ನಮ್ಮ ಕೈಯಲ್ಲಿದೆ. ಪರರ ದಣಿವನ್ನು ಕಾಣಬಲ್ಲ ಆ ಎಚ್ಚರಕ್ಕೆ ನಾವೇ ಹೊಣೆಗಾರರು.